ಸೂರ್ಯಕಾಂತಿಯ ಹೊಲದಲ್ಲಿ

ಗುಂಡ್ಲುಪೇಟೆಯ ಮಾರ್ಗವಾಗಿ ಬಂಡೀಪುರಕ್ಕೆ ಹೋಗುವ ಪ್ರವಾಸಿಗರ ಮನಸ್ಸೆಲ್ಲ ಹುಲಿಯ ಮೇಲೆ. 1973ರಲ್ಲಿಯೇ ಹುಲಿ ಯೋಜನೆಗೆ ಸೇರಿದ ಆ ಅರಣ್ಯ ನಾಡಿನ ಹೆಮ್ಮೆ, ನಿಜ. ಆದರೆ ಹುಲಿಯನ್ನು ಕಂಡವರೆಲ್ಲರೂ ಪ್ರಕೃತಿಯನ್ನು ಕಂಡರೆಂದು ಹೇಳಲಾಗದು. ಮುಂಗಾರಿನಲ್ಲಿ ದಾರಿಯ ಬದಿಗೆ ಅರಳುವ ಸೂರ್ಯಕಾಂತಿಯ ಹೊಲಗಳ ಮುಂದೆ ಅವರು ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ.

ಈ ಹೂವು ದಿನವಿಡೀ ಸೂರ್ಯನತ್ತ ತಿರುಗುತ್ತದೆಂಬುದು ಜನಜನಿತವಾದ ಮಾತು. ಬೆಳಗ್ಗೆಯೂ ಸಂಜೆಯೂ ಹೊಲದಲ್ಲಿ ನಿಂತು ನೋಡಿದವರಿಗೆ ಬೇರೆಯೇ ಸಂಗತಿ ತಿಳಿಯುತ್ತದೆ. ಹಾಗೆ ತಿರುಗುವುದು ಎಳೆಯ ಗಿಡ. ಪೂರ್ಣವಾಗಿ ಅರಳಿದ ಹೂವು ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಏಕೆ? ಕೆಲವು ಗಿಡಗಳ ಕುಂಡಗಳನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ಹೋಲಿಸಿ ನೋಡಿದ ಅಮೆರಿಕದ ವಿಜ್ಞಾನಿಗಳು 2016ರಲ್ಲಿ ಉತ್ತರ ನೀಡಿದರು. ಎಳೆಬಿಸಿಲಿಗೆ ಬೇಗ ಬೆಚ್ಚಗಾಗುವ ಪೂರ್ವದ ಹೂವಿಗೆ ಜೇನ್ನೊಣಗಳು ಹೆಚ್ಚು ಬರುತ್ತವೆ. ಕುಂಡ ತಿರುಗಿಸಿ ನೋಣ ಎಣಿಸುವ ಕೆಲಸ ಶಾಲೆಯ ಅಂಗಳದಲ್ಲಿಯೂ ಆಗಬಹುದಾದುದೇ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿಗಳನ್ನು ಬೇರೆ ಬೇರೆಯಾಗಿ ಬಲ್ಲರು. ಈ ತಿಳಿವು ನಿತ್ಯದ ನೋಟದಿಂದ ಬಂದುದು. ಹೀಗಿರುವಾಗ ವರ್ಷಕ್ಕೊಮ್ಮೆ ಮಕ್ಕಳನ್ನು ವಾಹನದಲ್ಲಿ ಕಾಡಿಗೆ ಕರೆದೊಯ್ದರೆ ಸಾಕೆಂದು ಹಿರಿಯರು ಭಾವಿಸುವುದು ವಿಚಿತ್ರವೇ ಸರಿ. ಕೇಳಿದ ಪ್ರಶ್ನೆಗೆಲ್ಲ “ಸುಮ್ಮನೆ ಪಾಠ ಓದು” ಎಂದು ಗದರುವ ಮನೆಯ ಮಗುವಿಗೆ ಆ ಪ್ರವಾಸದಿಂದೇನು ಫಲ?

ಜೇನ್ನೊಣಗಳು ಬಂದರೆ ಸೂರ್ಯಕಾಂತಿಯ ಕಾಳು ಚೆನ್ನಾಗಿ ಕಟ್ಟುತ್ತದೆ. ಅವು ಹೂವಿನ ಮೇಲಿರುವಾಗ ಕೀಟನಾಶಕ ಸಿಂಪಡಿಸಿದರೆ ಸಾಯುತ್ತವೆ. ಅವು ಬರುವ ಹೊತ್ತನ್ನು ಗಮನಿಸಿ ಬಲ್ಲ ಹುಡುಗಿಯೊಬ್ಬಳು, ಬೆಳಗ್ಗೆಯೇ ಔಷಧಿ ಹೊತ್ತು ಹೊರಟ ತಂದೆಗೆ “ಸಂಜೆಯವರೆಗೆ ತಡೆಯಪ್ಪ” ಎಂದು ಹೇಳಬಲ್ಲಳು.