ಗಡಿಯಾಚೆಯ ಕೇಡು

ಕೇಡು ಗಡಿಯಾಚೆಯಿಂದ ಬರುತ್ತದೆಂಬ ಮಾತು ಎಲ್ಲ ನಾಡುಗಳಲ್ಲಿಯೂ ಬಲು ಬೇಗ ಒಪ್ಪಿಗೆಯಾಗುತ್ತದೆ. ಮೆಕ್ಸಿಕೊದ ಮಾದಕವಸ್ತು ಕೂಟಗಳು ಹರಿಸುತ್ತಿರುವ ರಕ್ತ ಎಲ್ಲಿ ತಮ್ಮ ನೆಲಕ್ಕೂ ಹರಿದುಬಂದೀತೋ ಎಂಬ ಭಯ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ಇದೆ. ಚುನಾವಣೆಯ ವೇಳೆಗೆ ಅದು ಇಮ್ಮಡಿಯಾಗುತ್ತದೆ. ಆದರೆ 2010ರ ಲೆಕ್ಕವನ್ನು ನೋಡಬೇಕು. ರಿಯೊ ಗ್ರಾಂಡೆ ನದಿಯ ದಕ್ಷಿಣದ ದಡದಲ್ಲಿರುವ ಹ್ವಾರೆಸ್ ನಗರದಲ್ಲಿ ಆ ವರ್ಷ ಕೊಲೆಯಾದವರು ಸುಮಾರು 3,000 ಮಂದಿ. ಎದುರು ದಡದ ಎಲ್ ಪಾಸೊ ನಗರದಲ್ಲಿ 5. ರಕ್ತ ನದಿಯನ್ನು ದಾಟಲಿಲ್ಲ. ದಾಟಿದ್ದು ಉತ್ತರಕ್ಕೆ ಸರಕು, ದಕ್ಷಿಣಕ್ಕೆ ಹಣ ಮತ್ತು ಬಂದೂಕು. ಮೆಕ್ಸಿಕೊದಲ್ಲಿ ಸಿಕ್ಕಿ, ಮೂಲ ಪತ್ತೆಯಾದ ಬಂದೂಕುಗಳಲ್ಲಿ ಬಹುಪಾಲು ಅಮೆರಿಕದಿಂದ ಹೋದವೇ.

ಈ ಸಂಗತಿಯನ್ನು ಅಮೆರಿಕನ್ನರ ಬಾಗಿಲಿಗೇ ಹೋಗಿ ಹೇಳಿದವನೊಬ್ಬ ಕವಿ. ಹಾವಿಯೆರ್ ಸಿಸಿಲಿಯಾನ ಮಗ 2011ರ ಮಾರ್ಚಿಯಲ್ಲಿ ಗೆಳೆಯರೊಡನೆ ಕೊಲೆಯಾದ. ಮಗನಿಗಾಗಿ ಕಡೆಯ ಒಂದು ಪದ್ಯವನ್ನು ಬರೆದು, ಇನ್ನು ತನ್ನಲ್ಲಿ ಕವಿತೆಯಿಲ್ಲವೆಂದು ಸಾರಿ, ಆತ ಬೀದಿಗಿಳಿದ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅವನ ಹಿಂದೆ ನಡೆದರು. 2012ರಲ್ಲಿ ಆ ಯಾತ್ರೆ ಗಡಿಯನ್ನು ದಾಟಿ ವಾಷಿಂಗ್ಟನ್ನಿನವರೆಗೆ ಹೋಯಿತು. ಸರಕನ್ನು ಕೊಳ್ಳುವವರೂ ಬಂದೂಕನ್ನು ಮಾರುವವರೂ ಇರುವ ನಾಡಿನಲ್ಲಿಯೇ ಸತ್ತವರ ಮಾತನ್ನು ಆಡಬೇಕೆಂಬುದು ಆ ಯಾತ್ರಿಕರ ಹಟ. ಕವಿತೆಯನ್ನು ಬಿಟ್ಟ ಕವಿಯೊಬ್ಬ ಮಾಡಬಹುದಾದುದರಲ್ಲಿ ಇದು ಸಣ್ಣದಲ್ಲವೆಂದು ನಮ್ಮ ಎಣಿಕೆ.

ಒಂದು ದಡದಲ್ಲಿ ನಿಷಿದ್ಧವಾದುದಕ್ಕೆ ಇನ್ನೊಂದು ದಡದಲ್ಲಿ ಅಂಗಡಿಯಿರುವ ಪರಿ ನಮ್ಮ ಸೀಮೆಗೂ ಹೊಸದಲ್ಲ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳು ಬಳ್ಳಾರಿ ಜಿಲ್ಲೆಯೊಡನೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದವು. ಮದರಾಸು ಪ್ರಾಂತದಲ್ಲೆಲ್ಲ ಪಾನನಿರೋಧ ಜಾರಿಗೆ ಬಂದದ್ದು 1948ರ ಗಾಂಧಿಜಯಂತಿಯಂದು. ಹೈದರಾಬಾದು ಭಾರತಕ್ಕೆ ಶರಣಾಗಿ ಆಗ ಹದಿನೈದೇ ದಿನ. ತುಂಗಭದ್ರೆಯ ಆಚೆ, ಕೊಪ್ಪಳದ ಕಡೆಗೆ, ಆ ಸಂಸ್ಥಾನದ ನೆಲ. ಅಬಕಾರಿಯೇ ಅಲ್ಲಿನ ಬೊಕ್ಕಸದ ದೊಡ್ಡ ಆಧಾರ. ಒಂದೇ ಭಾಷೆ, ಒಂದೇ ಬಳಗ. ನಡುವೆ ಬೇಸಗೆಯಲ್ಲಿ ಕಾಲ್ನಡಿಗೆಯಿಂದ ದಾಟಬಹುದಾದ ಹೊಳೆ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಆ ಹಿರಿಯರ ಆಸೆ ಕಾನೂನಾದಾಗ ಅದರ ಒಂದು ಅಂಚು ಈ ಹೊಳೆಯೇ ಆಗಿತ್ತು. ಗೆರೆಗಳ ವಿಷಯದಲ್ಲಿ ಹರಪನಹಳ್ಳಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು, ನೆಲ ಅಲುಗದೆಯೇ ತಾಲ್ಲೂಕು ಮೂರು ಜಿಲ್ಲೆಗಳನ್ನು ಸುತ್ತಿ ಬಂದಿದೆ.

ಗೆರೆ ಮಾಡುವ ಕೆಲಸವೊಂದೇ: ಬೆಲೆಯನ್ನು ಏರಿಸುವುದು. ಬೆಲೆ ಏರಿದಲ್ಲಿ ಸಾಗಿಸುವವನು ಹುಟ್ಟುತ್ತಾನೆ. ಅವನಿಗೆ ನ್ಯಾಯಾಲಯವಿಲ್ಲದ ಕಾರಣ ಅವನ ಜಗಳಗಳೆಲ್ಲ ಆಯುಧದಿಂದಲೇ ತೀರುತ್ತವೆ. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಮುಂದಿನ ವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರದ ಕಡೆಗಳಲ್ಲಿಯೂ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಮೆಥನಾಲ್ ಬೆರೆತ ಕಳ್ಳಬಟ್ಟಿಯನ್ನು ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ವಿಷ ಇಲ್ಲಿಂದ ಅಲ್ಲಿಗೆ ಹೋಯಿತೋ ಅಲ್ಲಿಂದ ಇಲ್ಲಿಗೆ ಬಂದಿತೋ ಎಂಬುದು ಪೊಲೀಸರಿಗೆ ಮುಖ್ಯವಾದ ಪ್ರಶ್ನೆಯೇ. ಸತ್ತವರಲ್ಲಿ ಹೆಚ್ಚಿನವರು ಎರಡೂ ಕಡೆ ಕೂಲಿಯವರಾಗಿದ್ದರು. ಇದರಿಂದ ನಿಷೇಧವೇ ತಪ್ಪೆಂದು ವಾದಿಸುವವರೊಡನೆ ನಾವಿಲ್ಲ. ಸಾರಾಯಿ ಅಂಗಡಿಯನ್ನು ಮುಚ್ಚಿರೆಂದು ಕೇಳಿದ ಹೆಂಗಸರಿಗೆ ತಾವು ಕೇಳುತ್ತಿರುವುದೇನೆಂಬುದು ಚೆನ್ನಾಗಿ ತಿಳಿದಿತ್ತು. ಅಂಗಡಿ ಮುಚ್ಚಿದ ಸರಕಾರಕ್ಕೆ ಕುಡಿಯುವವನ ನೆನಪು ಇರಲಿಲ್ಲವೆಂಬುದಷ್ಟೇ ನಮ್ಮ ದೂರು.

ಈಗ ಸರಕು ಬೇರೆ, ಗಡಿ ಇನ್ನೂ ದೂರದ್ದು. 2025ರ ಮಾರ್ಚಿಯಲ್ಲಿ ಮಂಗಳೂರು ಪೊಲೀಸರು ದಕ್ಷಿಣ ಆಫ್ರಿಕದ ಇಬ್ಬರು ಮಹಿಳೆಯರಿಂದ 37 ಕಿಲೋಗೂ ಹೆಚ್ಚು ಎಂ.ಡಿ.ಎಂ.ಎ. ವಶಪಡಿಸಿಕೊಂಡರು. ಪರದೇಶದವರೆಂಬುದನ್ನೇ ಜನ ಹೆಚ್ಚಾಗಿ ಆಡಿಕೊಂಡದ್ದು. ಅಷ್ಟು ಸರಕನ್ನು ಕೊಳ್ಳಲು ಕಾದಿದ್ದವರು ಎಲ್ಲಿಯವರು? ನಮ್ಮ ತಾಲ್ಲೂಕುಗಳಿಂದ ಮಂಗಳೂರಿಗೆ, ಬೆಂಗಳೂರಿಗೆ ಓದಲು ಹೋಗಿರುವ ಹುಡುಗರು ಇರುವುದೂ ಆ ಪೇಟೆಯ ನಡುವೆಯೇ.

ಅಂಥ ಹುಡುಗನೊಬ್ಬ ಸಿಕ್ಕಿಬಿದ್ದಾಗ ಕಾಲೇಜು ಮೊದಲು ಯೋಚಿಸುವುದು ತನ್ನ ಹೆಸರನ್ನು. ಮನೆಯವರು ಯೋಚಿಸುವುದು ಮಾನವನ್ನು. ಹುಡುಗನೋ, ಜೈಲಿನ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ. 1985ರ ಎನ್.ಡಿ.ಪಿ.ಎಸ್. ಕಾಯಿದೆಯಲ್ಲಿಯೇ 64ಎ ಎಂಬ ಕಲಮು ಇದೆಯೆಂಬುದನ್ನು ನಮ್ಮ ಅಧ್ಯಾಪಕರಲ್ಲಿ ಎಷ್ಟು ಜನ ಬಲ್ಲರು? ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯಿರುವ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಮಾತ್ರ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಿಗಳ ಚಿಕಿತ್ಸೆಗೆಂದೇ ವಿಭಾಗವಿದೆ. ನಮ್ಮವರಿಗೆ ಹತ್ತಿರವಾಗುವ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 14446 ಎಂಬ ದೂರವಾಣಿಗೆ ಕಾಸು ಖರ್ಚಿಲ್ಲ. ಹೊಸ ವರ್ಷದ ಪ್ರವೇಶದ ದಿನ, ಶುಲ್ಕದ ಪಟ್ಟಿಯನ್ನು ಓದಿ ಹೇಳುವಾಗಲೇ, ಪ್ರಾಂಶುಪಾಲರು ಇದನ್ನೂ ಮಕ್ಕಳಿಗೆ ಓದಿ ಹೇಳಬಹುದು.