ಬೀದಿಯ ಪ್ರತಿಭಟನೆಯಷ್ಟೇ ಸಾಕೇ?

ವಕ್ಫ್ ತಿದ್ದುಪಡಿ ಕಾಯ್ದೆ 2025ರ ಏಪ್ರಿಲ್ 8ರಂದು ಜಾರಿಗೆ ಬಂತು. ಅದರ ವಿರುದ್ಧ ಮುಸ್ಲಿಮರು ದೇಶದಾದ್ಯಂತ ದನಿಯೆತ್ತಿದರು. ಆ ದನಿ ನ್ಯಾಯಬದ್ಧವಾಗಿತ್ತು. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯು ದೇವಾಲಯಗಳ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳು ಹಿಂದೂಗಳೇ ಆಗಿರಬೇಕೆಂದು ಹೇಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ನಿಯಮ ವಕ್ಫ್ ಮಂಡಳಿಗೇಕೆ ಬೇಡ ಎಂಬ ಪ್ರಶ್ನೆಗೆ ಕೇಂದ್ರ ಸರಕಾರದ ಬಳಿ ಸಮರ್ಪಕ ಉತ್ತರವಿಲ್ಲ.

2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ವಕ್ಫ್ ಮಾಡುವವನು ಐದು ವರ್ಷಗಳಿಂದ ಇಸ್ಲಾಮನ್ನು ಪಾಲಿಸುತ್ತಿರಬೇಕೆಂಬ ಷರತ್ತಿಗೆ, ನಿಯಮಗಳು ರೂಪುಗೊಳ್ಳುವವರೆಗೆ ತಡೆ ಬಿತ್ತು. ಜಮೀನು ಸರಕಾರದ್ದೇ ಅಥವಾ ವಕ್ಫಿನದೇ ಎಂಬುದನ್ನು ಸರಕಾರದ ಅಧಿಕಾರಿಯೇ ನಿರ್ಧರಿಸುವ ಅಧಿಕಾರಕ್ಕೂ ತಡೆ ಬಿತ್ತು. ಕಕ್ಷಿದಾರನೇ ನ್ಯಾಯಾಧೀಶನ ಪೀಠದಲ್ಲಿ ಕೂರುವುದು ಯಾವ ನ್ಯಾಯ? ರಾಜ್ಯ ಮಂಡಳಿಯ 11 ಸದಸ್ಯರಲ್ಲಿ ಮುಸ್ಲಿಮೇತರರು ಮೂವರನ್ನು ಮೀರಬಾರದೆಂದೂ ನ್ಯಾಯಾಲಯ ಹೇಳಿತು.

ಇಷ್ಟಕ್ಕೆ ಸಮಾಧಾನಪಟ್ಟು ಸುಮ್ಮನಾಗುವಂತಿಲ್ಲ. ದೀರ್ಘಕಾಲದ ಬಳಕೆಯಿಂದಲೇ ವಕ್ಫ್ ಆಗುವ ಪದ್ಧತಿಯನ್ನು ಮುಂದಕ್ಕೆ ರದ್ದುಪಡಿಸಿದ ಅಂಶಕ್ಕೆ ಹಾಗೂ ಕಡ್ಡಾಯ ನೋಂದಣಿಗೆ ತಡೆ ಸಿಗಲಿಲ್ಲ. ನೋಂದಣಿಯ ನಿಯಮ 1923ರಿಂದಲೂ ಇದೆ, 102 ವರ್ಷಗಳಲ್ಲಿ ಮಾಡಿಸದವರು ಈಗ ವಿನಾಯಿತಿ ಕೇಳುವಂತಿಲ್ಲ ಎಂಬುದು ನ್ಯಾಯಾಲಯದ ತರ್ಕ. ಈ ಮಾತು ಕಹಿಯಾಗಿರಬಹುದು. ಆದರೆ ಅದು ಮುತವಲ್ಲಿಗಳ ಕಡೆಗೆ ಬೆರಳು ತೋರಿಸುತ್ತದೆ.

ಭದ್ರಾವತಿಯನ್ನೇ ನೋಡಿ. 1918ರಲ್ಲಿ ಸ್ಥಾಪನೆಯಾದ ಕಬ್ಬಿಣದ ಕಾರ್ಖಾನೆ, ಬಳಿಕ ಬಂದ ಕಾಗದ ಕಾರ್ಖಾನೆಗಳ ಸುತ್ತ ಬೆಳೆದ ಊರು ಅದು. ಇಂತಹ ಕಾರ್ಮಿಕರ ಊರುಗಳಲ್ಲಿ ಮೊದಲು ನಮಾಝಿನ ಜಾಗ ಸಿದ್ಧವಾಗುತ್ತದೆ, ಕಾಗದಪತ್ರದ ಯೋಚನೆ ಆಮೇಲೆ. ತಿಂಗಳ ಸಂಬಳದಲ್ಲಿ ಉಳಿಸಿ ಕೊಟ್ಟವನು ರಶೀದಿ ಕೇಳುವುದಿಲ್ಲ. ಪಡೆದುಕೊಂಡವನು ಖಾತೆ ಮಾಡಿಸುವುದಿಲ್ಲ. ತಲೆಮಾರು ಉರುಳಿದ ಮೇಲೆ ಸಾಕ್ಷಿ ಹೇಳುವವರೂ ಉಳಿಯುವುದಿಲ್ಲ. ಇನ್ನು ಶಿವಮೊಗ್ಗದಲ್ಲಿ, ಜಿಲ್ಲಾಧಿಕಾರಿ ಕಚೇರಿ ಬಳಿಯ ಈದ್ಗಾ ಮೈದಾನದ ಬೇಲಿಯ ವಿಷಯ 2025ರ ಏಪ್ರಿಲ್‌ನಲ್ಲಿ ವಿವಾದವಾಗಿ, ಜಾಗ ಯಾರದೆಂಬ ಪ್ರಶ್ನೆ ಬೀದಿಗೆ ಬಂತು. ಅಂತಹ ಪ್ರಶ್ನೆ ಇತ್ಯರ್ಥವಾಗಬೇಕಾದದ್ದು ಘೋಷಣೆಗಳಿಂದಲ್ಲ, ದಾಖಲೆಗಳಿಂದ.

ಕೇಂದ್ರದ ಉಮೀದ್ ಪೋರ್ಟಲ್ 2025ರ ಜೂನ್ 6ರಂದು ಆರಂಭವಾಯಿತು. ಆರು ತಿಂಗಳ ಅವಧಿ ಮುಗಿದಾಗ ಸುಮಾರು 5.17 ಲಕ್ಷ ಆಸ್ತಿಗಳ ವಿವರ ತುಂಬುವ ಕೆಲಸ ಆರಂಭವಾಗಿತ್ತು. ಅನುಮೋದನೆ ದೊರೆತದ್ದು ಸುಮಾರು 2.16 ಲಕ್ಷಕ್ಕೆ ಮಾತ್ರ. ಗಡುವು ವಿಸ್ತರಿಸಲು ಸುಪ್ರೀಂ ಕೋರ್ಟ್ ಡಿಸೆಂಬರ್ 1ರಂದು ನಿರಾಕರಿಸಿ, ವಕ್ಫ್ ನ್ಯಾಯಮಂಡಳಿಗೆ ಹೋಗುವಂತೆ ಸೂಚಿಸಿತು. ಸೂಕ್ತ ಕಾರಣ ತೋರಿಸಿದರೆ ಇನ್ನೂ ಆರು ತಿಂಗಳವರೆಗೆ ಕಾಲಾವಕಾಶ ನೀಡಲು ಕಾಯ್ದೆ ಮಂಡಳಿಗೆ ಅಧಿಕಾರ ಕೊಟ್ಟಿದೆ. ಆದರೆ ಕೇಳಿಕೊಳ್ಳದವನಿಗೆ ಯಾವ ಮಂಡಳಿಯೂ ಕೊಡುವುದಿಲ್ಲ.

ನೆನಪಿರಲಿ, 2012ರಲ್ಲಿ ಅನ್ವರ್ ಮಾಣಿಪ್ಪಾಡಿ ವರದಿ ರಾಜ್ಯದ ವಕ್ಫ್ ಆಸ್ತಿಗಳ ವ್ಯಾಪಕ ದುರ್ಬಳಕೆಯ ಆರೋಪ ಮಾಡಿದಾಗ, ಬೆರಳು ಸಮುದಾಯದ ಪ್ರಭಾವಿಗಳತ್ತಲೂ ತಿರುಗಿತ್ತು. ಅನಾಥರ, ವಿಧವೆಯರ, ವಿದ್ಯಾರ್ಥಿಗಳ ಹಕ್ಕಾದ ಬಾಡಿಗೆ ಎಲ್ಲಿ ಸೋರುತ್ತಿದೆ ಎಂದು ಕೇಳುವುದು ಸಮುದಾಯದ್ರೋಹವಲ್ಲ. ಅದು ಅಮಾನತಿನ ರಕ್ಷಣೆ.

ಹಾಗಂತ ಕಾನೂನು ಹೋರಾಟವನ್ನು ಕೈಬಿಡಬೇಕೆಂದಲ್ಲ. ಅದು ನಡೆಯಲೇಬೇಕು. ಆದರೆ ದೆಹಲಿಯಲ್ಲಿ ವಕೀಲರು ವಾದಿಸುವಾಗ ಊರಿನ ಜಮಾಅತ್ ಕೈಕಟ್ಟಿ ಕೂರಬಾರದು. ನಿಮ್ಮ ಮೊಹಲ್ಲಾದ ಮಸೀದಿ, ಕಬರಸ್ತಾನಗಳ ಗೆಜೆಟ್ ಅಧಿಸೂಚನೆ ಇದೆಯೇ? ಪಹಣಿಯಲ್ಲಿ ಯಾರ ಹೆಸರಿದೆ? ಅಳತೆಯ ನಕ್ಷೆ ಎಲ್ಲಿದೆ? ವರ್ಷದ ಲೆಕ್ಕ ಪರಿಶೋಧನೆ ಆಗಿದೆಯೇ? ಮುಂದಿನ ಶುಕ್ರವಾರದ ನಮಾಝಿನ ಬಳಿಕ ಮುತವಲ್ಲಿಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಿರಿ.