ನೀರುಗಂಟಿಯ ಪಾಲು ಎಲ್ಲಿ?

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆ ಗದ್ದೆಗೂ ಸರದಿಯಂತೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಆ ನೀರುಂಡ ಗದ್ದೆಯವರೆಲ್ಲ ಅವನಿಗೆ ಕಣದಲ್ಲೇ ಕಾಳು ಅಳೆದುಕೊಡುತ್ತಿದ್ದರು. ಅದನ್ನು ಯಾರೂ ದಾನವೆಂದು ಕರೆಯಲಿಲ್ಲ. ಅದು ಅವನ ಹಕ್ಕಾಗಿತ್ತು. ಇಂದು ಜಗತ್ತಿನ ಕಂಪ್ಯೂಟರ್ ಉದ್ಯಮವೆಲ್ಲ ನೀರುಣ್ಣುತ್ತಿರುವ ಕೆರೆಯೊಂದಿದೆ. ಅದರ ನೀರುಗಂಟಿಗಳಲ್ಲಿ ಬಹುಮಂದಿಗೆ ಹಿಡಿ ಕಾಳೂ ಸಲ್ಲುತ್ತಿಲ್ಲ. ಏರಿ ಒಡೆದ ದಿನ ಮಾತ್ರ ಬೈಗುಳ ತಪ್ಪದೆ ಸಲ್ಲುತ್ತದೆ.

ವಿಷಯವನ್ನು ಬಿಡಿಸಿ ಹೇಳುತ್ತೇವೆ. ಇಂದು ಯಾವ ಎಂಜಿನಿಯರೂ ಒಂದು ತಂತ್ರಾಂಶವನ್ನು ಮೊದಲಿಂದ ಕೊನೆಯವರೆಗೆ ತಾನೇ ಬರೆಯುವುದಿಲ್ಲ. ಬೇರೆಯವರು ಬರೆದು, ಯಾರು ಬೇಕಾದರೂ ಬಳಸಿರೆಂದು ಮುಕ್ತವಾಗಿ ಬಿಟ್ಟ ನೂರಾರು ಬಿಡಿಭಾಗಗಳನ್ನು ತಂದು ಜೋಡಿಸುತ್ತಾನೆ. ಆ ಬಿಡಿಭಾಗಗಳನ್ನೂ, ಅವು ನೆಚ್ಚಿಕೊಂಡ ಮತ್ತಷ್ಟು ಬಿಡಿಭಾಗಗಳನ್ನೂ ಉಗ್ರಾಣದಿಂದ ಹುಡುಕಿ ತಂದುಕೊಡುವ ಸಾಧನವೇ ಪ್ಯಾಕೇಜ್ ಮ್ಯಾನೇಜರ್. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುವವರಿಗೆ ಎನ್‌ಪಿಎಂ ಎಂಬುದಿದೆ. 2010ರಲ್ಲಿ ಅಮೆರಿಕದ ಐಸಾಕ್ ಶ್ಲೂಟರ್ ಅದನ್ನು ಆರಂಭಿಸಿದರು. 2014ರಲ್ಲಿ ಅದರ ಉಗ್ರಾಣ ಖಾಸಗಿ ಕಂಪನಿಯ ಸೊತ್ತಾಯಿತು. ತುಂಬಿದವರು ಸಾವಿರಾರು ಮಂದಿ. ಬೀಗದ ಕೈ ಮಾತ್ರ ಒಬ್ಬ ಧಣಿಯ ಸೊಂಟದಲ್ಲಿ!

ಈ ವ್ಯವಸ್ಥೆಯ ಬಣ್ಣ 2016ರ ಮಾರ್ಚಿಯಲ್ಲಿ ಬಯಲಾಯಿತು. ಒಬ್ಬ ಕೆಲಸಗಾರ ತನ್ನ ಪ್ಯಾಕೇಜಿಗೆ ಕಿಕ್ ಎಂದು ಹೆಸರಿಟ್ಟಿದ್ದ. ಅದೇ ಹೆಸರಿನ ಕೆನಡಾದ ಕಂಪನಿಯೊಂದು ಹೆಸರು ತನಗೆ ಬೇಕೆಂದಿತು. ಆತ ಒಪ್ಪಲಿಲ್ಲ. ಉಗ್ರಾಣದ ಒಡೆಯರು ಹೆಸರನ್ನು ಆತನಿಂದ ಕಿತ್ತು ಕಂಪನಿಗೆ ಕೊಡಲು ತೀರ್ಮಾನಿಸಿದರು. ರೊಚ್ಚಿಗೆದ್ದ ಆತ ತನ್ನ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಹಿಂತೆಗೆದುಕೊಂಡ. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬುದೊಂದು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬಿ ಅಳತೆಗೆ ತರುವ 11 ಸಾಲು, ಅಷ್ಟೆ. ಆ 11 ಸಾಲಿಲ್ಲದೆ ದೊಡ್ಡ ದೊಡ್ಡ ಕಂಪನಿಗಳ ಕೆಲಸ ನಿಂತುಹೋಯಿತು. ಕೆಲವೇ ಗಂಟೆಗಳಲ್ಲಿ, ಬರೆದವನ ಅಪ್ಪಣೆಯಿಲ್ಲದೆಯೇ, ಅದನ್ನು ಉಗ್ರಾಣಕ್ಕೆ ಮರಳಿಸಲಾಯಿತು. ಪರರು ನೆಚ್ಚಿಕೊಂಡ ಪ್ಯಾಕೇಜನ್ನು ಬರೆದವನೂ ಸುಲಭವಾಗಿ ತೆಗೆಯದಂತೆ ನಿಯಮವೂ ಬಂತು. ಕೂಲಿಯ ನಿಯಮ ಮಾತ್ರ ಬರಲಿಲ್ಲ.

2018ರಲ್ಲಿ ಇನ್ನೊಂದು ಪಾಠ. ವಾರಕ್ಕೆ ಲಕ್ಷಗಟ್ಟಲೆ ಬಾರಿ ಇಳಿಯುತ್ತಿದ್ದ ಈವೆಂಟ್‌ಸ್ಟ್ರೀಮ್ ಎಂಬ ಪ್ಯಾಕೇಜನ್ನು ಬರೆದಾತ ಅದನ್ನು ನೋಡಿಕೊಂಡು ಬೇಸತ್ತಿದ್ದ. ಅದರಿಂದ ಆತನಿಗೆ ಕಾಸಿನ ಲಾಭವಿರಲಿಲ್ಲ. ಅಪರಿಚಿತನೊಬ್ಬ ಬಂದು ತಾನು ನೋಡಿಕೊಳ್ಳುವೆನೆಂದ, ಈತ ಒಪ್ಪಿಸಿಬಿಟ್ಟ. ಬಂದವನು ಕಳ್ಳ. ಬಿಟ್‌ಕಾಯಿನ್ ಥೈಲಿಗಳನ್ನು ದೋಚುವ ಕೋಡನ್ನು ಅದರೊಳಗೆ ಅಡಗಿಸಿದ. ಲೋಕವೆಲ್ಲ ದಣಿದವನ ಮೇಲೆ ಹರಿಹಾಯ್ದಿತು. ವರ್ಷಗಟ್ಟಲೆ ಬಿಟ್ಟಿ ಉಂಡವರನ್ನು ಕೇಳಿದವರು ಎಷ್ಟು ಮಂದಿ?

ಉಗ್ರಾಣದೊಳಗಿನ ಸಂಬಳದ ನೌಕರರ ಪಾಡೇನು? 2019ರ ಮಾರ್ಚಿಯಲ್ಲಿ ಎನ್‌ಪಿಎಂ ಕಂಪನಿ ಹಲವರನ್ನು ಕೆಲಸದಿಂದ ತೆಗೆಯಿತು. ಸಂಘ ಕಟ್ಟಲು ಹೊರಟದ್ದಕ್ಕೇ ಈ ಶಿಕ್ಷೆಯೆಂದು ಅವರಲ್ಲಿ ಕೆಲವರು ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ದೂರಿತ್ತರು. ವಿಚಾರಣೆಗೆ ಮೊದಲೇ ಕಂಪನಿ ರಾಜಿ ಮಾಡಿಕೊಂಡಿತು. 2020ರಲ್ಲಿ ಉಗ್ರಾಣವೇ ಗಿಟ್‌ಹಬ್‌ಗೆ ಮಾರಾಟವಾಯಿತು. ಆ ಗಿಟ್‌ಹಬ್ಬನ್ನು ಮೈಕ್ರೋಸಾಫ್ಟ್ 2018ರಲ್ಲೇ 750 ಕೋಟಿ ಡಾಲರಿಗೆ ಕೊಂಡಿತ್ತು. ಕೆರೆ ಕೈ ಬದಲಾಯಿಸಿತು. ಹೂಳೆತ್ತುವವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಫಲವನ್ನು 2025ರ ಸೆಪ್ಟೆಂಬರಿನಲ್ಲಿ ಕಂಡೆವು. ಒಬ್ಬ ನಿರ್ವಾಹಕನಿಗೆ ಸುಳ್ಳು ಇಮೇಲ್ ಕಳಿಸಿ, ಅವನ ಕೀಲಿ ಕದ್ದು, 18 ಪ್ಯಾಕೇಜುಗಳಿಗೆ ವಿಷ ಬೆರೆಸಿದರು. ಅವು ಒಟ್ಟಾಗಿ ವಾರಕ್ಕೆ 200 ಕೋಟಿಗೂ ಮೀರಿ ಇಳಿಯುವಂಥವು! ಅದೇ ತಿಂಗಳು ಶಾಯಿ ಹುಲೂದ್ ಎಂಬ ಹುಳು ಪ್ಯಾಕೇಜಿನಿಂದ ಪ್ಯಾಕೇಜಿಗೆ ಹಬ್ಬಿ 500ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಕೆಡಿಸಿತು. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತ ನಮ್ಮ ಹುಡುಗ ಹುಡುಗಿಯರು ದಿನವೂ ನೀರು ಮೊಗೆಯುವುದು ಇದೇ ಕೆರೆಯಿಂದ ಎಂಬುದನ್ನು ಮರೆಯದಿರೋಣ.

“ಅವರಾಗಿಯೇ ಬಿಟ್ಟಿ ಕೊಟ್ಟರಲ್ಲ” ಎನ್ನುವ ಜಾಣರಿದ್ದಾರೆ. ಕೊಟ್ಟರು, ನಿಜ. ಇದ್ದದ್ದನ್ನು ಇದ್ದಂತೆ ಕೊಡುತ್ತೇವೆ, ಯಾವ ಹೊಣೆಯೂ ನಮ್ಮದಲ್ಲವೆಂದು ಪರವಾನಗಿಯಲ್ಲಿ ಬರೆದೇ ಕೊಟ್ಟರು. ಹಾಗಿರುವಾಗ ಹಗಲಿರುಳು ಕಾವಲು ಕಾಯೆಂದು ಅವರನ್ನು ಗದರಿಸಲು ನಿಮಗೆ ಯಾವ ಅಧಿಕಾರ? ಉಗ್ರಾಣದ ಖರ್ಚನ್ನು ಕಂಪನಿಯೇ ಹೊರುತ್ತಿದೆ ಎಂದೂ ಹೇಳುತ್ತಾರೆ. ಅದೂ ನಿಜವೇ. ಆದರೆ ಗೋಡೆಗೆ ಸುಣ್ಣ ಬಳಿದ ಮಾತ್ರಕ್ಕೆ ಒಳಗಿನ ಕಾಳು ಬೆಳೆದವನ ಋಣ ತೀರುವುದಿಲ್ಲ. ಧಣಿಯ ಕೃಪೆಯಿಂದ ತೆರೆದ ಬಾಗಿಲು ಧಣಿಯ ಮುನಿಸಿನಿಂದ ಮುಚ್ಚಲೂಬಹುದು.

ಬೇರೆ ದಾರಿಯಿಲ್ಲವೇ? ಇದೆ. ಡೆಬಿಯನ್ ಬಳಗದ ಉಗ್ರಾಣಕ್ಕೆ ಯಾವ ಕಂಪನಿಯೂ ಒಡೆಯನಲ್ಲ. ಬಳಕೆದಾರರಿಗೆ ತಾವು ಬದ್ಧರೆಂದು 1997ರಲ್ಲೇ ಸಾಮಾಜಿಕ ಕರಾರು ಬರೆದುಕೊಂಡ ಆ ಸ್ವಯಂಸೇವಕರು ವರ್ಷಕ್ಕೊಮ್ಮೆ ಮತ ಹಾಕಿ ಮುಂದಾಳನ್ನು ಆರಿಸುತ್ತಾರೆ. ಜರ್ಮನಿಯ ಸರ್ಕಾರ 2022ರಿಂದ ಇಂಥ ಮುಕ್ತ ತಂತ್ರಾಂಶಗಳ ದುರಸ್ತಿಗೆ ಬೊಕ್ಕಸದಿಂದ ಹಣ ಕೊಡುತ್ತಿದೆ.

ನಾವು ಕೇಳುವುದಿಷ್ಟೇ. ಉಗ್ರಾಣ ಕಂಪನಿಯ ಆಸ್ತಿಯಾಗದೆ ಸಾರ್ವಜನಿಕ ಸಂಸ್ಥೆಯ ವಶಕ್ಕೆ ಬರಲಿ. ಅದರ ಆಡಳಿತದಲ್ಲಿ ದುಡಿಯುವವರಿಗೆ ಮತವಿರಲಿ. ಲಾಭ ಗಳಿಸುವ ಪ್ರತಿಯೊಂದು ಕಂಪನಿಯೂ, ಬೆಂಗಳೂರಿನವೂ ಸೇರಿ, ಬಳಕೆಗೆ ತಕ್ಕ ಪಾಲನ್ನು ವರ್ಷವರ್ಷವೂ ಅಳೆದುಕೊಡಲಿ. ನಮ್ಮ ಸರ್ಕಾರವೂ ತನ್ನ ಪಾಲು ಹಾಕಲಿ. ಅನಕ್ಷರಸ್ಥನೆನಿಸಿಕೊಂಡ ನಮ್ಮ ರೈತ ನೀರುಗಂಟಿಗೆ ಕಾಳು ಅಳೆಯದೆ ಕಣ ಬಿಟ್ಟೇಳುತ್ತಿರಲಿಲ್ಲ. ಕೋಟಿಗಳ ಲೆಕ್ಕ ಬಲ್ಲ ಕಂಪನಿಗಳಿಗೆ ಈ ಒಂದು ಕೊಳಗದ ಲೆಕ್ಕ ತಿಳಿಯದೇ?